ಎಚ್ಚರವಾಗಬೇಕಾದರೆ ಮೈ ಇರಬೇಕು

‘ದ ಮ್ಯಾಟ್ರಿಕ್ಸ್’ (1999) ಚಿತ್ರ ನೋಡದವರಿಗೂ ಆ ಎರಡು ಗುಳಿಗೆಗಳ ವಿಷಯ ಗೊತ್ತಿರುತ್ತದೆ. ನೀಲಿಯದನ್ನು ನುಂಗಿದರೆ ಇದ್ದ ಬದುಕೇ ಮುಂದುವರಿಯುತ್ತದೆ, ಕೆಂಪನ್ನು ನುಂಗಿದರೆ ನಿಜ ಕಾಣುತ್ತದೆ. ಆದರೆ ಕೆಂಪು ಗುಳಿಗೆ ಒಳಗೆ ಹೋದಮೇಲೆ ಮಾಡುವ ಕೆಲಸವೇನು ಎಂದು ಕೇಳಿ ನೋಡಿ, ಚಿತ್ರವನ್ನು ನಾಲ್ಕು ಸಲ ನೋಡಿದವರೂ ತಡವರಿಸುತ್ತಾರೆ. ನಾನೂ ತಡವರಿಸಿದ್ದೆ. ಅದು ಜ್ಞಾನೋದಯದ ಮಾತ್ರೆಯಲ್ಲ. ಗುಳಿಗೆ ಕೊಡುವ ಮಾರ್ಫಿಯಸ್ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂತೆ, ಅದು ಜಾಡು ಹಿಡಿಯುವ ಪ್ರೋಗ್ರಾಮಿನ ಒಂದು ಭಾಗ. ಆ ಕಥೆಯಲ್ಲಿ ಯಂತ್ರಗಳು ಮನುಷ್ಯರ ಮೈಗಳನ್ನು ತೊಟ್ಟಿಗಳಲ್ಲಿ ಮಲಗಿಸಿ, ಮಿದುಳಿಗೆ ಕಂಪ್ಯೂಟರಿನ ಹುಸಿಲೋಕವೊಂದನ್ನು ಉಣಿಸುತ್ತಿರುತ್ತವೆ. ನಾಯಕ ನಿಯೋನ ಮಿದುಳಿಗೂ ಯಂತ್ರಗಳಿಗೂ ನಡುವೆ ಹರಿಯುತ್ತಿರುವ ಸಂಕೇತವನ್ನು ಕದಡಿ, ಲೆಕ್ಕವಿಲ್ಲದಷ್ಟು ತೊಟ್ಟಿಗಳ ಪೈಕಿ ಅವನ ಮೈ ಯಾವುದರಲ್ಲಿ ಮಲಗಿದೆ ಎಂದು ಪತ್ತೆ ಮಾಡಲು ಅದನ್ನು ಕೊಡುತ್ತಾರೆ.

ಆ ಚಿತ್ರದ ಬಿಡುಗಡೆಯೆಲ್ಲ ನಿಂತಿರುವುದು ಒಂದು ಮೈಯ ಮೇಲೆ. ಹುಡುಕೋಣವೆಂದರೆ ಮೈಯೇ ಇಲ್ಲದಿದ್ದರೆ? ತೊಟ್ಟಿಯೂ ಇಲ್ಲ, ಕುತ್ತಿಗೆಗೆ ಚುಚ್ಚಿದ ನಳಿಕೆಯೂ ಇಲ್ಲ. ನಿಯೋ ಎಂಬುವನು ಆ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ನಡೆಯುತ್ತಿರುವ ಒಂದು ಲೆಕ್ಕಾಚಾರ ಮಾತ್ರ ಎಂದಿಟ್ಟುಕೊಳ್ಳಿ. ಕೆಂಪು ಗುಳಿಗೆ ಆಗ ಯಾರನ್ನು ಎಬ್ಬಿಸುತ್ತದೆ?

ಹುಸಿಲೋಕದ ಚಿತ್ರಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ನಮಗೆ ರೂಢಿ. ಈ ಒಂದು ಪ್ರಶ್ನೆ ಹಾಕಿದರೆ ಬುಟ್ಟಿ ಎರಡಾಗುತ್ತದೆ. ಮೊದಲನೆಯದರಲ್ಲಿ ಮಲಗಿರುವವರ ಕಥೆಗಳಿವೆ: ಮೈ ಎಲ್ಲೋ ಒಂದು ಕಡೆ ಬಿದ್ದಿದೆ, ಅದರ ಮಿದುಳಿಗೆ ಯಾರೋ ಸುಳ್ಳು ನೋಟ, ಸುಳ್ಳು ಶಬ್ದ, ಸುಳ್ಳು ರುಚಿ ಉಣಿಸುತ್ತಿದ್ದಾರೆ. ಎರಡನೆಯದರಲ್ಲಿರುವುದು ಲೆಕ್ಕದಲ್ಲಷ್ಟೇ ಇರುವವರ ಕಥೆಗಳು. ಇಲ್ಲಿ ನೋಟ ಮಾತ್ರ ಕಟ್ಟಿದ್ದಲ್ಲ, ನೋಡುವವನನ್ನೂ ಕಟ್ಟಿದ್ದಾರೆ. ‘ನಾವೆಲ್ಲ ಸಿಮ್ಯುಲೇಶನ್ನಿನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಲೋಕದಲ್ಲಿ, ಇದ್ದೇವಂತೆ, ಮ್ಯಾಟ್ರಿಕ್ಸ್ ಥರ’ ಎಂದು ಹೇಳುವಾಗ ನಾವು ಎರಡನೇ ಬುಟ್ಟಿಯ ಮಾತಿಗೆ ಮೊದಲ ಬುಟ್ಟಿಯ ಚಿತ್ರವನ್ನು ಸಾಕ್ಷಿಗೆ ಕರೆಯುತ್ತಿರುತ್ತೇವೆ. ಗೊಂದಲದ ಬಹುಪಾಲು ಹುಟ್ಟುವುದು ಇಲ್ಲೇ.

ಮಲಗಿರುವವರ ಕಥೆಗೆ ವಯಸ್ಸು ಜಾಸ್ತಿ. ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ 1641ರಲ್ಲೇ ಒಂದು ಕುತಂತ್ರಿ ಭೂತವನ್ನು ಊಹಿಸಿಕೊಂಡಿದ್ದ. ನಾನು ಕಾಣುವ ಆಕಾಶ, ನೆಲ, ಬಣ್ಣ, ಸದ್ದು ಎಲ್ಲವೂ ಆ ಭೂತ ನನ್ನನ್ನು ಮೋಸಗೊಳಿಸಲು ಒಡ್ಡಿದ ಬಲೆಯಾಗಿರಬಹುದಲ್ಲ ಎಂಬುದು ಅವನ ಶಂಕೆ. ಇಪ್ಪತ್ತನೇ ಶತಮಾನಕ್ಕೆ ಬರುವ ಹೊತ್ತಿಗೆ ಭೂತದ ಜಾಗದಲ್ಲಿ ವಿಜ್ಞಾನಿ ಬಂದ, ಮಿದುಳು ರಸಾಯನದ ತೊಟ್ಟಿಗೆ ಬಿತ್ತು. ಆ ತೊಟ್ಟಿಯ ಮಿದುಳಿಗೆ ಅಮೆರಿಕದ ತತ್ತ್ವಜ್ಞಾನಿ ಹಿಲರಿ ಪಟ್ನಂ 1981ರಲ್ಲಿ ಕೊಟ್ಟ ಉತ್ತರ ಮೊದಲ ಓದಿಗೆ ಕುಚೋದ್ಯದಂತೆ ಕಂಡರೂ ಗಟ್ಟಿಯಾದದ್ದು. ಒಂದು ಇರುವೆ ಮರಳಿನಲ್ಲಿ ಹರಿದಾಡಿದ ಗೆರೆ ಚರ್ಚಿಲ್ ಮುಖದಂತೆ ಕಂಡಿತೆನ್ನಿ. ಇರುವೆ ಚರ್ಚಿಲ್ಲನನ್ನು ಬರೆಯಿತೇ? ಇಲ್ಲ, ಅದಕ್ಕೆ ಚರ್ಚಿಲ್ ಗೊತ್ತೇ ಇಲ್ಲ. ಒಂದು ಗುರುತು ಒಂದು ವಸ್ತುವನ್ನು ಸೂಚಿಸಬೇಕಾದರೆ ಆ ವಸ್ತುವಿನೊಡನೆ ಏನಾದರೂ ನಂಟು ಇರಬೇಕು. ಹುಟ್ಟಿದಾಗಿನಿಂದ ತೊಟ್ಟಿಯಲ್ಲೇ ಇರುವ ಮಿದುಳು ನಿಜವಾದ ತೊಟ್ಟಿಯನ್ನು ಯಾವತ್ತೂ ಕಂಡಿಲ್ಲ, ಮುಟ್ಟಿಲ್ಲ. ಅದು ‘ತೊಟ್ಟಿ’ ಎಂದಾಗ ಆ ಮಾತು ಕಂಪ್ಯೂಟರ್ ತೋರಿಸಿದ ತೊಟ್ಟಿಯ ಬಿಂಬವನ್ನಷ್ಟೇ ಸೂಚಿಸುತ್ತದೆ. ಹಾಗಾಗಿ ‘ನಾನು ತೊಟ್ಟಿಯಲ್ಲಿರುವ ಮಿದುಳು’ ಎಂದು ಅದು ಹೇಳಿದರೂ, ಯಾವ ತೊಟ್ಟಿಯ ಬಗ್ಗೆ ಹೇಳಬೇಕಿತ್ತೋ ಅದನ್ನು ಹೇಳಿದಂತಾಗುವುದಿಲ್ಲ. ಪಟ್ನಂ ಇದರಿಂದ ನಮಗೆ ಧೈರ್ಯ ತುಂಬಿದರೋ ಮಾತಿನ ಜಾಣತನದಲ್ಲಿ ತಪ್ಪಿಸಿಕೊಂಡರೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಸಿನಿಮಾಕ್ಕೆ ಇಷ್ಟು ಸೂಕ್ಷ್ಮ ಬೇಡ. ಅದಕ್ಕೆ ಬೇಕಾದದ್ದು ಮಲಗಿದವನು ಒಬ್ಬ, ಅವನಿಗೊಂದು ಅನುಮಾನ. ಪಾಲ್ ವೆರ್ಹೋವನ್‌ನ ‘ಟೋಟಲ್ ರಿಕಾಲ್’ (1990) ಚಿತ್ರದಲ್ಲಿ ನಾಯಕ ಮಂಗಳಗ್ರಹದ ಸುಳ್ಳು ನೆನಪೊಂದನ್ನು ದುಡ್ಡು ಕೊಟ್ಟು ಕೊಳ್ಳಲು ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ. ಆಮೇಲೆ ನಡೆದದ್ದು ನಿಜವೋ, ಕುರ್ಚಿಯಲ್ಲಿ ಕೂತು ಕಂಡದ್ದೋ ಎಂದು ಚಿತ್ರ ಕೊನೆಗೂ ಬಾಯಿ ಬಿಡುವುದಿಲ್ಲ. ಸ್ಪೇನಿನ ಅಮೆನಾಬಾರ್ ಮಾಡಿದ ‘ಆಬ್ರೆ ಲೋಸ್ ಓಹೋಸ್’ (1997), ಅದರ ಹಾಲಿವುಡ್ ರೂಪವಾದ ‘ವೆನಿಲಾ ಸ್ಕೈ’ (2001), ಡೇವಿಡ್ ಕ್ರೋನೆನ್‌ಬರ್ಗ್‌ನ ‘ಎಕ್ಸಿಸ್ಟೆನ್ಜ್’ (1999) ಇವೆಲ್ಲ ಇದೇ ಮನೆತನದವು. ಕೊನೆಯದರಲ್ಲಿ ಆಟದ ಯಂತ್ರ ಮಾಂಸದ ಮುದ್ದೆ, ಅದರ ತಂತಿಯನ್ನು ಬೆನ್ನುಹುರಿಗೆ ಕೊರೆದ ತೂತಿಗೆ ಸಿಕ್ಕಿಸುತ್ತಾರೆ. ಮೈಯನ್ನು ಇಷ್ಟು ಹಸಿಹಸಿಯಾಗಿ ನೆನಪಿಸುವ ಹುಸಿಲೋಕದ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ.

ಮ್ಯಾಟ್ರಿಕ್ಸಿನಲ್ಲಿ ಮನುಷ್ಯರ ಮೈಗಳನ್ನು ಏಕೆ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಚಿತ್ರ ಕೊಡುವ ಕಾರಣ ಮಾತ್ರ ತೀರಾ ಸೊಟ್ಟ. ಯಂತ್ರಗಳು ನಮ್ಮನ್ನು ಬ್ಯಾಟರಿಯಂತೆ ಬಳಸುತ್ತಿವೆಯಂತೆ. ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿ ತಿನ್ನುವ ಮನುಷ್ಯ ಸರಾಸರಿ 100 ವಾಟ್‌ನಷ್ಟು ಶಾಖ ಹೊರಬಿಡುತ್ತಾನೆ, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಹಾಕಿದ ಅನ್ನಕ್ಕಿಂತ ಹೆಚ್ಚು ಶಕ್ತಿ ಯಾವ ಮೈಯಿಂದಲೂ ಹೊರಬರುವುದಿಲ್ಲ. ಇದು ಸಾಲದೆಂದು ಮಾರ್ಫಿಯಸ್ ಸೂರ್ಯನಲ್ಲಿ ನಡೆಯುವಂಥ ಪರಮಾಣು ಸಮ್ಮಿಳನವನ್ನೂ ಜೊತೆಗೆ ಸೇರಿಸುತ್ತಾನೆ. ಸಮ್ಮಿಳನ ಕೈಯಲ್ಲಿದ್ದವರಿಗೆ ಕೋಟ್ಯಂತರ ಜನರನ್ನು ಸಾಕುವ ರಗಳೆ ಯಾಕೆ? ಕಥೆಗೆ ಮೈ ಬೇಕಿತ್ತು, ಮೈಗೊಂದು ನೆಪ ಬೇಕಿತ್ತು, ಅಷ್ಟೇ.

ಅದೇ ಚಿತ್ರದ ಅತಿ ಒಳ್ಳೆಯ ದೃಶ್ಯಕ್ಕೆ ಗುಂಡೇಟೂ ಬೇಕಿಲ್ಲ, ಗುಳಿಗೆಯೂ ಬೇಕಿಲ್ಲ. ಸೈಫರ್ ಎಂಬುವನು ಹೋಟೆಲಿನಲ್ಲಿ ಕೂತು ಮಾಂಸದ ತುಂಡನ್ನು ಬಾಯಿಗಿಡುತ್ತಾ, ಇದು ಇಲ್ಲವೆಂದು ನನಗೆ ಗೊತ್ತು, ಆದರೂ ರುಚಿಯಾಗಿದೆ ಎಂಬರ್ಥದ ಮಾತಾಡುತ್ತಾನೆ. ಹೊರಗಿನ ನಿಜಲೋಕದಲ್ಲಿ ಅವನಿಗೆ ಸಿಗುವುದು ಬಟ್ಟಲು ತುಂಬ ಸಪ್ಪೆ ಗಂಜಿ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಕೇಳಿದ ಪ್ರಶ್ನೆ ಇದು: ಬಯಸಿದ ಅನುಭವವನ್ನೆಲ್ಲ ಕೊಡುವ ಯಂತ್ರವಿದ್ದರೆ ಜೀವಮಾನವಿಡೀ ಅದಕ್ಕೆ ಜೋಡಿಸಿಕೊಂಡು ಇರುತ್ತೀರಾ? ಬೇಡವೆನ್ನುತ್ತೇವೆ ಎಂದು ನೋಜಿಕ್ ನಂಬಿದ್ದರು. ಏಕೆಂದರೆ ನಮಗೆ ಬೇಕಿರುವುದು ಮಾಡಿದಂಥ ಅನುಭವವಲ್ಲ, ಮಾಡುವುದು. ಸೈಫರ್ ಬೇಕೆನ್ನುತ್ತಾನೆ. ಚಿತ್ರ ಅವನನ್ನು ದ್ರೋಹಿಯಾಗಿ ಮಾಡಿ ಕೊಂದುಹಾಕುತ್ತದೆಯೇ ಹೊರತು ಅವನಿಗೆ ಉತ್ತರ ಹೇಳುವುದಿಲ್ಲ.

ಇನ್ನು ಎರಡನೇ ಬುಟ್ಟಿ. ಇದರ ಮೂಲ 1964ರಲ್ಲಿ ಅಮೆರಿಕದ ಡೇನಿಯಲ್ ಗಲೂಯೆ ಬರೆದ ‘ಸಿಮ್ಯುಲಾಕ್ರಾನ್-3’ ಎಂಬ ಕಾದಂಬರಿ. ಅದರಲ್ಲಿ ಹುಸಿಲೋಕ ಕಟ್ಟುವ ಉದ್ದೇಶ ಲೋಕವನ್ನು ಆಳುವುದೂ ಅಲ್ಲ, ಮೋಕ್ಷವೂ ಅಲ್ಲ. ಮಾರುಕಟ್ಟೆ ಸಮೀಕ್ಷೆ! ಮನೆಮನೆಗೆ ಹೋಗಿ ‘ಈ ಸೋಪು ಹೇಗಿದೆ’ ಎಂದು ಕೇಳುವ ಬದಲು, ಯಂತ್ರದೊಳಗೆ ಒಂದು ನಗರವನ್ನೇ ಕಟ್ಟಿ, ಅದರ ನಿವಾಸಿಗಳಿಗೆ ಸೋಪು ಮಾರಿ ನೋಡುವುದು. ಆ ಕಾಲಕ್ಕೆ ಇದು ಬರೀ ಕನಸೂ ಆಗಿರಲಿಲ್ಲ. 1959ರಲ್ಲಿ ಶುರುವಾದ ಸಿಮ್ಯುಲ್ಮ್ಯಾಟಿಕ್ಸ್ ಎಂಬ ಅಮೆರಿಕನ್ ಕಂಪನಿ ಮತದಾರರನ್ನು 480 ಬಗೆಯಾಗಿ ವಿಂಗಡಿಸಿ, ಯಾವ ವಿಷಯ ಎತ್ತಿದರೆ ಯಾರು ಎತ್ತ ವಾಲುತ್ತಾರೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 1960ರ ಚುನಾವಣೆಯ ಹೊತ್ತಿಗೆ ಕೆನಡಿಯ ಪಾಳಯಕ್ಕೆ ವರದಿ ಕೊಟ್ಟಿತ್ತು. ಆ 480 ಬಗೆಗಳಿಗೆ ಮನಸ್ಸಿರಲಿಲ್ಲ. ಗಲೂಯೆ ಕೇಳಿದ್ದು, ಲೆಕ್ಕ ಇನ್ನಷ್ಟು ನಯವಾಗುತ್ತಾ ಹೋದರೆ ಯಾವ ಘಟ್ಟದಲ್ಲಿ ಅವುಗಳಿಗೂ ಮನಸ್ಸು ಬರುತ್ತದೆ ಎಂದು.

ಜರ್ಮನಿಯ ನಿರ್ದೇಶಕ ಫಾಸ್‌ಬಿಂಡರ್ 1973ರಲ್ಲಿ ಇದನ್ನು ‘ವೆಲ್ಟ್ ಆಮ್ ಡ್ರಾಟ್’ ಎಂಬ ಎರಡು ಕಂತಿನ ಟೀವಿ ಚಿತ್ರ ಮಾಡಿದ. ತಂತಿಯ ಮೇಲಿನ ಲೋಕ ಎಂದಿಟ್ಟುಕೊಳ್ಳಿ. ಒಂದು ಔತಣಕೂಟದಲ್ಲಿ ಭದ್ರತಾ ಅಧಿಕಾರಿಯೊಬ್ಬ ನಾಯಕ ಸ್ಟಿಲ್ಲರ್ ಜೊತೆ ಮಾತಾಡುತ್ತಿದ್ದವನು ಕಣ್ಣು ಆಚೀಚೆ ಮಾಡುವಷ್ಟರಲ್ಲಿ ಮಾಯ. ಮರುದಿನ ವಿಚಾರಿಸಿದರೆ ಅಂಥವನೊಬ್ಬ ಇದ್ದನೆಂಬುದೇ ಯಾರಿಗೂ ನೆನಪಿಲ್ಲ. ಅವನನ್ನು ಕೊಂದಿಲ್ಲ, ಅಳಿಸಿದ್ದಾರೆ. ಕೊಲೆಯಾದರೆ ಹೆಣವಾದರೂ ಸಿಗುತ್ತದೆ, ಅಳುವವರಾದರೂ ಇರುತ್ತಾರೆ.

ಸ್ಟಿಲ್ಲರ್ ಕೆಲಸ ಮಾಡುವ ಸಂಸ್ಥೆಯೂ ಒಂದು ಹುಸಿಲೋಕವನ್ನು ನಡೆಸುತ್ತಿದೆ. ಒಳಗಿನವರ ಪೈಕಿ ಒಬ್ಬನಿಗೆ ಮಾತ್ರ ತಾನು ಲೆಕ್ಕದ ಮನುಷ್ಯನೆಂದು ಗೊತ್ತು. ಅವನ ಹೆಸರು ಐನ್‌ಸ್ಟೈನ್. ಮೇಲಿನವರಿಗೆ ಒಳಗಿನ ಸುದ್ದಿ ಮುಟ್ಟಿಸಲು ಯಾರಾದರೂ ಬೇಕಲ್ಲ, ಅದಕ್ಕಾಗಿ ಅವನಿಗೆ ನಿಜ ಹೇಳಿದ್ದಾರೆ. ತಿಳಿದದ್ದರಿಂದ ಅವನಿಗೆ ಬಂದ ಭಾಗ್ಯವೆಂದರೆ ಮೇಲೆ ಬರಬೇಕೆಂಬ ಹುಚ್ಚು ಹಂಬಲ. ನಿಯೋಗೆ ಸತ್ಯ ತಿಳಿದಾಗ ಹಾರುವ ಶಕ್ತಿ ಬಂತು. ಐನ್‌ಸ್ಟೈನ್‌ಗೆ ಸತ್ಯ ಒಂದು ನೌಕರಿ. ಸ್ಟಿಲ್ಲರ್‌ಗೆ ಮೆಲ್ಲಗೆ ಅರಿವಾಗುವುದೇನೆಂದರೆ ತನ್ನ ಲೋಕವೂ ಇನ್ನಾರದೋ ಯಂತ್ರದೊಳಗಿದೆ. ಮೇಲಿದ್ದೇನೆ ಎಂದುಕೊಂಡವನು ನಡುವಂತಸ್ತಿನವನು.

ಇಲ್ಲಿ ಕಥೆ ಮುಗಿದಿದ್ದರೆ ಅದು ಕಟುವಾದ ಕಥೆ. ಆದರೆ ಕೊನೆಗೆ ಸ್ಟಿಲ್ಲರ್‌ನ ಮನಸ್ಸನ್ನು ಮೇಲಿನ ಲೋಕದಲ್ಲಿರುವ ಅವನದೇ ರೂಪದ ದೇಹಕ್ಕೆ ಸುರಿಯುತ್ತಾರೆ. ಅವನು ಎದ್ದು ಕೂರುತ್ತಾನೆ. ಇದೇ ಕಾದಂಬರಿಯಿಂದ ಹುಟ್ಟಿದ ‘ದ ಥರ್ಟೀನ್ತ್ ಫ್ಲೋರ್’ (1999) ಕೂಡ ಇದೇ ಒಳದಾರಿ ಹಿಡಿಯುತ್ತದೆ. ಮೈಯೇ ಇಲ್ಲದವನ ಕಥೆ ಹೇಳಲು ಹೊರಟ ಎರಡೂ ಚಿತ್ರಗಳು ಕೊನೆಗಳಿಗೆಯಲ್ಲಿ ಅವನಿಗೊಂದು ಮೈ ಸಾಲ ತಂದುಕೊಡುತ್ತವೆ. ನಾನು ಇದನ್ನು ಮೋಸ ಎನ್ನುವುದಿಲ್ಲ. ಎರಡು ಮೂರು ಗಂಟೆ ಕೂತ ಪ್ರೇಕ್ಷಕನಿಗೆ ಒಂದು ಬಾಗಿಲು ತೋರಿಸಲೇಬೇಕು. ಆದರೆ ಬಾಗಿಲು ಇರುವುದು ಸಿನಿಮಾಕ್ಕೆ, ವಾದಕ್ಕಲ್ಲ.

ಯಾವ ವಾದ? ನಿಕ್ ಬಾಸ್ಟ್ರಂ ಎಂಬ ತತ್ತ್ವಜ್ಞಾನಿ 2003ರಲ್ಲಿ ಮಂಡಿಸಿದ್ದು. ‘ನಾವು ಸಿಮ್ಯುಲೇಶನ್ನಿನಲ್ಲಿದ್ದೇವೆ ಎಂದು ಬಾಸ್ಟ್ರಂ ಸಾಬೀತು ಮಾಡಿದ್ದಾರೆ’ ಎಂದು ಯಾರಾದರೂ ಹೇಳಿದರೆ ಅವರು ಆ ಪ್ರಬಂಧವನ್ನು ಓದಿಲ್ಲ ಎಂದರ್ಥ. ಅವರು ಹೇಳಿದ್ದು, ಈ ಮೂರರಲ್ಲಿ ಒಂದಾದರೂ ನಿಜವಾಗಿರಲೇಬೇಕು ಎಂದು. ಒಂದೋ, ಅಂಥ ಯಂತ್ರ ಕಟ್ಟುವಷ್ಟು ಮುಂದುವರಿಯುವ ಮೊದಲೇ ನಮ್ಮಂಥ ನಾಗರಿಕತೆಗಳು ಬಹುತೇಕ ನಾಶವಾಗುತ್ತವೆ. ಇಲ್ಲವೇ, ಅಷ್ಟು ಮುಂದುವರಿದವರಿಗೆ ತಮ್ಮ ಪೂರ್ವಜರ ಬದುಕನ್ನು ಯಂತ್ರದಲ್ಲಿ ಮತ್ತೆ ನಡೆಸಿ ನೋಡುವ ಆಸಕ್ತಿ ಇರುವುದಿಲ್ಲ. ಇವೆರಡೂ ಅಲ್ಲವಾದರೆ, ಅಂಥ ಯಂತ್ರಗಳಲ್ಲಿ ಬದುಕಿದವರ ಸಂಖ್ಯೆ ಮಣ್ಣಿನ ಮೇಲೆ ಬದುಕಿದವರಿಗಿಂತ ಎಷ್ಟೋ ಪಾಲು ಹೆಚ್ಚಾಗುತ್ತದೆ; ಆಗ ನಾವು ಆ ಕಡಿಮೆ ಸಂಖ್ಯೆಯವರೆಂದು ನಂಬಲು ಆಧಾರವಿಲ್ಲ.

ಲೆಕ್ಕವನ್ನೂ ಅವರು ಅಂದಾಜಿಸಿದ್ದಾರೆ. ಮನುಷ್ಯಕುಲದ ಇಡೀ ಮನೋಚರಿತ್ರೆಯನ್ನು ನಡೆಸಲು ಹೆಚ್ಚೆಂದರೆ 1ರ ಮುಂದೆ 36 ಸೊನ್ನೆಗಳಷ್ಟು ಲೆಕ್ಕಗಳು ಬೇಕು. ಒಂದು ಗ್ರಹದಷ್ಟು ತೂಕದ ಕಂಪ್ಯೂಟರ್ ಸೆಕೆಂಡಿಗೆ 1ರ ಮುಂದೆ 42 ಸೊನ್ನೆಗಳಷ್ಟು ಲೆಕ್ಕ ಮಾಡಬಲ್ಲದು. ನಮ್ಮೆಲ್ಲರ ಹುಟ್ಟು, ಪ್ರೀತಿ, ಯುದ್ಧ, ಸಾವು ಎಲ್ಲ ಸೇರಿ ಅದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಕೆಲಸ. ಈ ಕಟ್ಟಡದ ಬುಡದಲ್ಲಿ ಸದ್ದಿಲ್ಲದೆ ಕೂತಿರುವ ಊಹೆ ಒಂದಿದೆ: ಪ್ರಜ್ಞೆಗೆ ಮಾಂಸವೇ ಬೇಕೆಂದಿಲ್ಲ, ಲೆಕ್ಕ ಸರಿಯಿದ್ದರೆ ಸಿಲಿಕಾನಿನಲ್ಲೂ ಅದು ಹುಟ್ಟುತ್ತದೆ. ಅದನ್ನು ಒಪ್ಪದವರಿಗೆ ವಾದ ಅಲ್ಲೇ ನಿಲ್ಲುತ್ತದೆ. ಒಪ್ಪಿದವರು ಗಮನಿಸಬೇಕಾದದ್ದು, ಈ ವಾದದಲ್ಲಿ ಮಲಗಿರುವವರು ಯಾರೂ ಇಲ್ಲ. ಎಚ್ಚರವಾಗಿ ಹೋಗಲು ನಮಗೆ ಬೇರೆ ಜಾಗವೇ ಇಲ್ಲ. ಬಾಸ್ಟ್ರಂ ಲೋಕಕ್ಕೆ ಹತ್ತಿರದ ಚಿತ್ರ ಮ್ಯಾಟ್ರಿಕ್ಸ್ ಅಲ್ಲ, ಅದಕ್ಕಿಂತ 26 ವರ್ಷ ಹಿಂದಿನ ಫಾಸ್‌ಬಿಂಡರ್ ಚಿತ್ರ, ಅದರ ಕೊನೆಯ ಕೆಲವು ನಿಮಿಷ ಕಳೆದು.

ಕನ್ನಡದಲ್ಲಿ ಈ ಮಾತೆತ್ತಿದರೆ ಯಾರಾದರೊಬ್ಬರು ‘ಅಯ್ಯೋ, ಇದು ನಮ್ಮ ಮಾಯಾವಾದ ತಾನೇ’ ಎನ್ನದೆ ಬಿಡುವುದಿಲ್ಲ. ಅಷ್ಟು ಸಲೀಸಾಗಿ ಒಪ್ಪಲು ನನಗೆ ಮನಸ್ಸಿಲ್ಲ. ಹಗ್ಗವನ್ನು ಹಾವೆಂದುಕೊಂಡ ದೃಷ್ಟಾಂತದಲ್ಲಿ ಹಾವನ್ನು ಯಾರೂ ಲಾಭಕ್ಕೆಂದು ಮಾಡಿಟ್ಟಿರುವುದಿಲ್ಲ. ದೀಪ ತಂದರೆ ಹಾವು ಹೋಯಿತು, ಮುಂದೆ ಹುಡುಕಬೇಕಾದ ದೊಡ್ಡ ಹಾವೂ ಇಲ್ಲ. ಸಿನಿಮಾದಲ್ಲಿ ದೀಪ ತಂದವನಿಗೆ ಕಾಣುವುದು ಇನ್ನೊಂದು ಲೋಕ, ಇದರಷ್ಟೇ ಹಸಿವು ಜಗಳಗಳಿರುವ, ಇದಕ್ಕಿಂತ ಕೊಳಕಾದ ಲೋಕ. ನಿಜವಾದ ಹೋಲಿಕೆ ಬೇಕೆಂದರೆ ಯೋಗವಾಸಿಷ್ಠದ ಲವಣ ರಾಜನ ಕಥೆಗೆ ಹೋಗಬೇಕು. ಐಂದ್ರಜಾಲಿಕ ನವಿಲುಗರಿಯ ಕುಂಚ ಬೀಸುತ್ತಾನೆ. ಸಿಂಹಾಸನದ ಮೇಲೆ ಕೂತಲ್ಲೇ ರಾಜ ಕಾಡು ಸೇರಿ, ಚಂಡಾಲಕನ್ಯೆಯನ್ನು ಮದುವೆಯಾಗಿ, ಮಕ್ಕಳನ್ನು ಪಡೆದು, ಬರಗಾಲ ಉಂಡು, ಬೆಂಕಿಗೆ ಬೀಳುವ ಹೊತ್ತಿಗೆ ಎಚ್ಚರಗೊಳ್ಳುತ್ತಾನೆ. ಸಭೆಯವರ ಪಾಲಿಗೆ ಸ್ವಲ್ಪ ಹೊತ್ತು ಕಳೆದಿದೆ, ಅಷ್ಟೇ. ಇಲ್ಲಿಯವರೆಗೆ ಇದು ಮಲಗಿದವನ ಕಥೆ. ಮರುದಿನ ಅವನು ವಿಂಧ್ಯದ ಕಡೆ ಹೊರಟು ಹುಡುಕಿದರೆ ಆ ಹಟ್ಟಿ ಇದ್ದಲ್ಲೇ ಇದೆ, ಕಳೆದುಹೋದ ಅಳಿಯನಿಗಾಗಿ ಮುದುಕಿ ಅಳುತ್ತಿದ್ದಾಳೆ. ಇಂಥ ತಿರುವನ್ನು ಎಷ್ಟೋ ಚಿತ್ರಕಥೆಗಳು ಈಗಲೂ ಹೊಸದೆಂಬಂತೆ ಬಳಸುತ್ತವೆ.

ಹುಸಿಲೋಕವನ್ನು ತೆರೆಯ ಮೇಲೆ ತೋರಿಸುವುದರಲ್ಲಿ ಒಂದು ವಿಚಿತ್ರ ತೊಡಕಿದೆ. ಸಿನಿಮಾದಲ್ಲಿ ಎಲ್ಲವೂ ಹುಸಿಯೇ. ‘ನಿಜ’ ಲೋಕವೂ ಸೆಟ್, ‘ಸುಳ್ಳು’ ಲೋಕವೂ ಸೆಟ್. ಯಾವುದು ಯಾವುದೆಂದು ನಮಗೆ ತಿಳಿಸಲು ನಿರ್ದೇಶಕ ಗುರುತು ಹಚ್ಚಬೇಕು. ಮ್ಯಾಟ್ರಿಕ್ಸಿನ ಒಳಗೆ ಎಲ್ಲಕ್ಕೂ ಹಸಿರು ಛಾಯೆ, ಹೊರಗೆ ನೀಲಿ. ಈ ಬಣ್ಣ ನಿಯೋಗೆ ಕಾಣುವುದಿಲ್ಲ, ನಮಗಷ್ಟೇ ಕಾಣುತ್ತದೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಈ ನಂಬಿಕೆಯನ್ನೇ ಬಳಸಿಕೊಂಡು ನಮ್ಮನ್ನು ಬೀಳಿಸಿತ್ತು: ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನ ಬದುಕು ಬಣ್ಣದಲ್ಲಿ, ಸಿನಿಮಾ ತಾರೆಯದು ಕಪ್ಪು ಬಿಳುಪಿನಲ್ಲಿ. ಬಣ್ಣ ಇದ್ದದ್ದೇ ನಿಜ ಎಂದು ಕೂತವರಿಗೆ ಕೊನೆಯಲ್ಲಿ ಸಿಕ್ಕಿದ್ದು ತಿರುಗುಬಾಣ. ಫಾಸ್‌ಬಿಂಡರ್‌ಗೆ ಬಣ್ಣದ ಆಟವೂ ಬೇಕಿರಲಿಲ್ಲ. ಪ್ಯಾರಿಸ್ಸಿನಲ್ಲಿ ಆಗ ತಾನೇ ಎದ್ದಿದ್ದ ಹೊಸ ಕಟ್ಟಡಗಳು, ಎಲ್ಲಿ ನೋಡಿದರಲ್ಲಿ ಕನ್ನಡಿ ಮತ್ತು ಗಾಜು, ಮಾತಿಲ್ಲದೆ ಬೊಂಬೆಗಳಂತೆ ನಿಂತ ಜನ. ಒಂದು ಗ್ರಾಫಿಕ್ಸ್ ಇಲ್ಲದೆ ಮೈ ಜುಮ್ಮೆನ್ನುತ್ತದೆ.

ಹೊರಗಿನ ಗುರುತಿನ ಹಾಗೆ ಒಳಗಿನವನಿಗೂ ಒಂದು ಗುರುತು ಸಿಗಬಹುದೇ? ಮ್ಯಾಟ್ರಿಕ್ಸಿನಲ್ಲಿ ಒಂದೇ ಕರಿಬೆಕ್ಕು ಎರಡು ಸಲ ಹಾದುಹೋಗುತ್ತದೆ. ಥರ್ಟೀನ್ತ್ ಫ್ಲೋರಿನಲ್ಲಿ ನಾಯಕ ಊರಾಚೆ, ಯಾರೂ ಹೋಗದ ದಾರಿಯಲ್ಲಿ, ಅಡ್ಡಗಟ್ಟೆ ದಾಟಿ ಕಾರು ಓಡಿಸುತ್ತಾನೆ. ಬೆಟ್ಟ, ನೆಲ, ಆಕಾಶ ಮುಗಿದು ಬರೀ ಹಸಿರು ಗೆರೆಗಳ ಚೌಕಟ್ಟು ಉಳಿಯುತ್ತದೆ. ಆಟದ ಪ್ರೋಗ್ರಾಂ ಬರೆಯುವವರಿಗೆ ಇದು ದಿನನಿತ್ಯದ ಜಿಪುಣತನ: ಆಟಗಾರ ನೋಡದಿರುವ ಕಡೆ ಏನನ್ನೂ ಬಿಡಿಸಬೇಡ. ನಮ್ಮ ಲೋಕಕ್ಕೂ ಇಂಥ ಅಂಚು ಹುಡುಕಬಹುದೆಂದು 2012ರಲ್ಲಿ ಬೀನ್, ದಾವೂದಿ, ಸ್ಯಾವೇಜ್ ಎಂಬ ಮೂವರು ಭೌತವಿಜ್ಞಾನಿಗಳು ಗಂಭೀರವಾಗಿಯೇ ಬರೆದರು. ವಿಶ್ವವನ್ನು ಯಾರಾದರೂ ಚೌಕುಳಿ ಬಲೆಯ ಮೇಲೆ ಲೆಕ್ಕ ಹಾಕುತ್ತಿದ್ದರೆ, ಬಾಹ್ಯಾಕಾಶದಿಂದ ಬರುವ ಅತಿ ಹೆಚ್ಚು ಶಕ್ತಿಯ ವಿಶ್ವಕಿರಣಗಳು ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬರದೆ ಆ ಬಲೆಯ ಎಳೆಗಳ ಗುರುತನ್ನು ತೋರಿಸಬೇಕು ಎಂಬುದು ತರ್ಕ. ಕಟ್ಟಿದವರು ನಮ್ಮ ಹಾಗೇ ಚೌಕುಳಿ ಹಾಕಿಯೇ ಲೆಕ್ಕ ಮಾಡುತ್ತಾರೆ ಎಂದು ಒಪ್ಪಿಕೊಂಡರೆ ಮಾತ್ರ ಇದಕ್ಕೆ ಬೆಲೆ. ಬಲೆ ತೀರಾ ಸಣ್ಣದಿದ್ದರೆ ಕಿರಣಕ್ಕೂ ಗೊತ್ತಾಗುವುದಿಲ್ಲ. ಅಂಚು ಕಾಣಲಿಲ್ಲ ಎಂಬುದರಿಂದ ಅಂಚಿಲ್ಲ ಎಂದಾಗದು.

ಗುರುತು ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆಮೇಲೆ? ಮ್ಯಾಟ್ರಿಕ್ಸ್ ಚಿತ್ರದ ಅಧಿಕೃತ ಜಾಲತಾಣಕ್ಕೆಂದೇ ಪ್ರಬಂಧ ಬರೆದ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಒಂದು ತಣ್ಣನೆಯ ಮಾತು ಹೇಳುತ್ತಾರೆ. ನಾವು ಸಿಮ್ಯುಲೇಶನ್ನಿನಲ್ಲಿದ್ದರೆ ಈ ಮೇಜು ಸುಳ್ಳೆಂದಲ್ಲ, ಮೇಜು ಕಂಪ್ಯೂಟರಿನ ಸೊನ್ನೆ-ಒಂದುಗಳಾದ ಬಿಟ್‌ಗಳಿಂದ ಆಗಿದೆ ಎಂದಷ್ಟೇ. ಮೇಜು ಪರಮಾಣುಗಳಿಂದ ಆಗಿದೆ, ಅವುಗಳ ನಡುವೆ ಬಹುಪಾಲು ಖಾಲಿ ಎಂದು ತಿಳಿದ ದಿನ ಯಾರೂ ಮೇಜನ್ನು ಎಸೆಯಲಿಲ್ಲ. ಒಳಗೇ ಹುಟ್ಟಿದವನಿಗೆ ಒಳಗಿನದೇ ನಿಜ. ಅದೇ ಚಿತ್ರದ ಆರಂಭದಲ್ಲಿ ನಿಯೋ ಕಳ್ಳಮಾಲು ಬಚ್ಚಿಡಲು ಬಳಸುವ ಟೊಳ್ಳು ಪುಸ್ತಕ ಫ್ರೆಂಚ್ ಚಿಂತಕ ಬೋದ್ರಿಯಾರನದು. ಚಿತ್ರ ತನ್ನನ್ನು ತಪ್ಪಾಗಿ ಓದಿದೆ ಎಂದು ಬೋದ್ರಿಯಾರ್ ಆಮೇಲೆ ಮುಖ ಸಿಂಡರಿಸಿದ್ದ. ಅವನ ಸಿಟ್ಟು ನ್ಯಾಯವಾದದ್ದೇ: ಪ್ರತಿರೂಪಗಳು ಎಷ್ಟು ಬೆಳೆದಿವೆಯೆಂದರೆ ಅವುಗಳಾಚೆ ಒಂದು ಅಸಲಿ ಉಳಿದೇ ಇಲ್ಲ ಎಂದು ಅವನು ಬರೆದರೆ, ಚಿತ್ರ ಆಚೆಗೊಂದು ಅಸಲಿಯನ್ನೂ ಅಲ್ಲಿಗೆ ಹೋಗಲು ದೂರವಾಣಿ ತಂತಿಯನ್ನೂ ಇಟ್ಟುಬಿಟ್ಟಿತು.

ಥರ್ಟೀನ್ತ್ ಫ್ಲೋರಿನ ನಾಯಕ ಕೊನೆಯಲ್ಲಿ ಎದ್ದು ಕೂರುವುದು 2024ರಲ್ಲಿ. ಚಿತ್ರ ಬಂದ ಕಾಲಕ್ಕೆ ಅದು ಭವಿಷ್ಯ. ಪಕ್ಕದಲ್ಲಿ ಸಮುದ್ರ, ಹೊಳೆಯುವ ಕಟ್ಟಡಗಳು, ಪ್ರೀತಿಸಿದವಳು, ಸಾಲ ತಂದ ಮೈಯೊಳಗೆ ಅವನು. ಅಷ್ಟರಲ್ಲಿ ಹಳೆಯ ಟೀವಿ ಆರಿಸಿದಾಗ ಆಗುತ್ತಿತ್ತಲ್ಲ, ಹಾಗೆ ಇಡೀ ದೃಶ್ಯ ಕುಗ್ಗಿ ಒಂದು ಗೆರೆಯಾಗಿ ಕಪ್ಪಾಗುತ್ತದೆ. ಗುಂಡಿ ಒತ್ತಿದವರು ಯಾರೆಂದು ಚಿತ್ರ ಹೇಳುವುದಿಲ್ಲ.